ಬೀದರಿನ ನೆರಳು, ಬೆಂಗಳೂರಿನ ನೆರಳು

ಆಗಸ್ಟ್ 23 ಹತ್ತಿರ ಬಂತೆಂದರೆ ವಿಜ್ಞಾನ ಶಿಕ್ಷಕರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಪೋಸ್ಟರ್‌ಗಳ ಸುರಿಮಳೆ. 2023ರಲ್ಲಿ ಚಂದ್ರಯಾನ-3 ಚಂದ್ರನ ಮೇಲಿಳಿದ ಆ ದಿನ ಈಗ ರಾಷ್ಟ್ರೀಯ ಬಾಹ್ಯಾಕಾಶ ದಿನ. ಕ್ವಿಜ್, ಚಿತ್ರಕಲಾ ಸ್ಪರ್ಧೆ, ಆನ್‌ಲೈನ್ ಶಿಬಿರ, ‘ನಾಸಾ ಸರ್ಟಿಫಿಕೇಟ್’ ಎಲ್ಲವೂ ಒಟ್ಟಿಗೇ ಬರುತ್ತವೆ. ಅದರ ಗದ್ದಲ ಅಡಗುವಷ್ಟರಲ್ಲಿ ಅಕ್ಟೋಬರ್ 4ರಿಂದ 10ರವರೆಗೆ ವಿಶ್ವ ಬಾಹ್ಯಾಕಾಶ ಸಪ್ತಾಹ. ಪ್ರೌಢಶಾಲಾ ಶಿಕ್ಷಕರಿಗೆ ತರಬೇತಿ ಕೊಡುವುದು ನನ್ನ ಕೆಲಸ. ಅಲ್ಲಿ ಊಟದ ಬಿಡುವಿನಲ್ಲಿ ಯಾರಾದರೊಬ್ಬರು ಫೋನ್ ಮುಂದೆ ಹಿಡಿದು, “ಸರ್, ಇದರಲ್ಲಿ ಯಾವುದಕ್ಕೆ ಮಕ್ಕಳನ್ನ ಸೇರಿಸೋಣ?” ಎಂದು ಕೇಳಿಯೇ ಕೇಳುತ್ತಾರೆ.

ನಾನು ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ. ಖರ್ಚು ಯಾರದು? ಮಗು ಅಲ್ಲಿ ತನ್ನ ಕೈಯಾರೆ ಏನನ್ನಾದರೂ ಅಳೆಯುತ್ತದೆಯೇ, ಇಲ್ಲ ಬರೀ ಕೂತು ನೋಡುತ್ತದೆಯೇ? ಈ ಎರಡು ಜರಡಿಗಳಲ್ಲಿ ಉಳಿಯುವುದು ಕೆಲವೇ ಕೆಲವು.

ಮೊದಲನೆಯದು ಇಸ್ರೋದ ‘ಯುವಿಕಾ’, ಅಂದರೆ ಯುವ ವಿಜ್ಞಾನಿ ಕಾರ್ಯಕ್ರಮ. 2019ರಲ್ಲಿ ಶುರುವಾದದ್ದು. ಒಂಬತ್ತನೇ ತರಗತಿಯ ಮಕ್ಕಳಿಗೆ ಬೇಸಿಗೆಯಲ್ಲಿ ಇಸ್ರೋ ಕೇಂದ್ರಗಳಲ್ಲಿ ಸುಮಾರು ಎರಡು ವಾರದ ವಸತಿ ಶಿಬಿರ. ಪ್ರಯಾಣ, ಊಟ, ವಸತಿಯ ಖರ್ಚು ಇಸ್ರೋದ್ದೇ. ಆಯ್ಕೆಯಲ್ಲಿ ಅರ್ಧದಷ್ಟು ತೂಕ ಎಂಟನೇ ತರಗತಿಯ ಅಂಕಗಳಿಗೆ. ಉಳಿದರ್ಧ ಆನ್‌ಲೈನ್ ಕ್ವಿಜ್, ವಿಜ್ಞಾನ ಮೇಳ, ಒಲಿಂಪಿಯಾಡ್, ಕ್ರೀಡೆ, ಸ್ಕೌಟ್ಸ್ ಅಥವಾ ಎನ್‌ಸಿಸಿ ಇವುಗಳಲ್ಲಿ ಹಂಚಿಹೋಗಿದೆ. ಪಂಚಾಯಿತಿ ವ್ಯಾಪ್ತಿಯ ಶಾಲೆಯಲ್ಲಿ ಓದುವ ಮಗುವಿಗೆ ಅದಕ್ಕೆಂದೇ ಪ್ರತ್ಯೇಕ ಅಂಕಗಳಿವೆ. ಹಳ್ಳಿ ಶಾಲೆಯ ಮೇಷ್ಟ್ರುಗಳಲ್ಲಿ ಎಷ್ಟೋ ಜನ ಈ ಕೊನೆಯ ಸಾಲನ್ನು ಓದಿಯೇ ಇರುವುದಿಲ್ಲ. ‘ನಮ್ಮ ಮಕ್ಕಳಿಗೆಲ್ಲಿ ಸಿಗುತ್ತೆ ಬಿಡಿ’ ಎಂದು ಪ್ರಕಟಣೆಯನ್ನು ಅಲ್ಲೇ ಮಡಚಿಡುತ್ತಾರೆ.

ಇದರಲ್ಲೊಂದು ಸೂಕ್ಷ್ಮವಿದೆ. ಅರ್ಜಿ ಕರೆಯುವ ಹೊತ್ತಿಗೆ ಮಗು ಒಂಬತ್ತರಲ್ಲಿರುತ್ತದೆ, ಆದರೆ ಆಯ್ಕೆಯ ಬಹುಪಾಲು ಆಗಲೇ ತೀರ್ಮಾನವಾಗಿರುತ್ತದೆ. ವಿಜ್ಞಾನ ಮೇಳಕ್ಕೆ ಹೋಗಿದ್ದರೂ ಸರ್ಟಿಫಿಕೇಟ್ ಕಳೆದಿದ್ದರೆ ಅಂಕವಿಲ್ಲ. ಆದ್ದರಿಂದ ಕೆಲಸ ಇರುವುದು ಏಳು, ಎಂಟನೇ ತರಗತಿಯ ಶಿಕ್ಷಕರಿಗೆ. ಪ್ರತಿ ಮಗುವಿನ ಹೆಸರಿಗೂ ಒಂದು ಫೈಲ್, ತಾಲ್ಲೂಕು ಮಟ್ಟದ ಮೇಳದ ಕಾಗದವೂ ಅದರೊಳಗೆ. ಇಷ್ಟು ಮಾಡಿಟ್ಟ ಶಾಲೆ ಅರ್ಜಿಯ ದಿನ ಪರದಾಡುವುದಿಲ್ಲ.

ಖಗೋಳ ಒಲಿಂಪಿಯಾಡ್ ದಾರಿ ಬೇರೆ ಜಾತಿಯದು. ಭಾರತೀಯ ಭೌತಶಾಸ್ತ್ರ ಶಿಕ್ಷಕರ ಸಂಘ ನವೆಂಬರಿನಲ್ಲಿ ನಡೆಸುವ ಖಗೋಳ ವಿಜ್ಞಾನ ಪರೀಕ್ಷೆ ಅದರ ಮೊದಲ ಮೆಟ್ಟಿಲು, ಮುಂದಿನವು ಮುಂಬೈನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದವು. 2025ರ ಅಂತಾರಾಷ್ಟ್ರೀಯ ಒಲಿಂಪಿಯಾಡ್ ಮುಂಬೈನಲ್ಲೇ ನಡೆಯಿತು. ಗಣಿತದಲ್ಲಿ ಗಟ್ಟಿ ಇರುವ, ತಾನಾಗಿಯೇ ಲೆಕ್ಕ ಹುಡುಕಿಕೊಂಡು ಬಿಡಿಸುವ ಮಗುವಿಗೆ ಇದು ಸರಿ. ಇಡೀ ತರಗತಿಯನ್ನು ಕೂರಿಸಿ ಬರೆಸುವುದರಲ್ಲಿ ಅರ್ಥವಿಲ್ಲ.

ಇನ್ನು ‘ನಾಸಾ ಪ್ರವಾಸ’. ಲಕ್ಷಗಟ್ಟಲೆ ಶುಲ್ಕ, ಊರಿಗೆ ವಾಪಸಾದ ಮೇಲೆ ‘ನಾಸಾಕ್ಕೆ ಆಯ್ಕೆಯಾದ ವಿದ್ಯಾರ್ಥಿ’ ಎಂದು ಫ್ಲೆಕ್ಸ್. ಫ್ಲಾರಿಡಾದ ಕೆನಡಿ ಬಾಹ್ಯಾಕಾಶ ಕೇಂದ್ರದ ಸಂದರ್ಶಕರ ಆವರಣ ಟಿಕೆಟ್ ಕೊಂಡ ಯಾರಿಗಾದರೂ ತೆರೆದೇ ಇರುತ್ತದೆ. ಅನುಕೂಲ ಇದ್ದವರು ಹೋಗಿ ನೋಡಿಬರಲಿ, ನೋಡತಕ್ಕ ಜಾಗವೇ. ಆದರೆ ಸಾಲ ಮಾಡಿ ಕಳಿಸಲು ಹೊರಟ ಪೋಷಕರಿಗೆ ‘ಆಯ್ಕೆ’ ಎಂಬುದೇನೂ ಅಲ್ಲಿ ನಡೆಯುವುದಿಲ್ಲ ಎಂದು ಹೇಳುವ ಹೊಣೆ ಶಿಕ್ಷಕರದ್ದು.

ಕ್ಷುದ್ರಗ್ರಹ ಹುಡುಕಾಟದ ವಿಷಯಕ್ಕೆ ಬಂದರೆ ನನಗೆ ಒಲವೂ ಇದೆ, ತಕರಾರೂ ಇದೆ. ಅಮೆರಿಕದ ಐಎಎಸ್‌ಸಿ (ಅಂತಾರಾಷ್ಟ್ರೀಯ ಖಗೋಳ ಹುಡುಕಾಟ ಸಹಯೋಗ) ಎಂಬ ಕೂಟ ಹವಾಯಿ ದ್ವೀಪಗಳ ಪ್ಯಾನ್‌ಸ್ಟಾರ್ಸ್ ದೂರದರ್ಶಕದ ಚಿತ್ರಗಳನ್ನು ಶಾಲಾ ತಂಡಗಳಿಗೆ ಉಚಿತವಾಗಿ ಕೊಡುತ್ತದೆ. ಆಕಾಶದ ಒಂದೇ ತುಣುಕನ್ನು ಕೆಲವು ನಿಮಿಷಗಳ ಅಂತರದಲ್ಲಿ ತೆಗೆದ ಚಿತ್ರಗಳವು. ಒಂದರ ಹಿಂದೊಂದು ಓಡಿಸಿದರೆ ನಕ್ಷತ್ರಗಳೆಲ್ಲ ನಿಂತಲ್ಲೇ ನಿಂತಿರುತ್ತವೆ, ಒಂದು ಚುಕ್ಕೆ ಮಾತ್ರ ಸರಿಯುತ್ತದೆ. ಮಕ್ಕಳು ಅದರ ಸ್ಥಾನವನ್ನು ಅಳೆದು ವರದಿ ಕಳಿಸಬೇಕು. ನಿಜವಾದ ಕೆಲಸ, ನಿಜವಾದ ದತ್ತಾಂಶ. ಕಂಪ್ಯೂಟರ್ ಮತ್ತು ಇಂಟರ್ನೆಟ್ ಇರುವ ಶಾಲೆ ಖಂಡಿತ ಸೇರಬಹುದು. ತಕರಾರಿರುವುದು ‘ಕ್ಷುದ್ರಗ್ರಹ ಕಂಡುಹಿಡಿದ ಮಕ್ಕಳು’ ಎಂಬ ಮರುದಿನದ ಪತ್ರಿಕಾ ಸುದ್ದಿಯ ಬಗ್ಗೆ. ಮಕ್ಕಳ ವರದಿ ಪ್ರಾಥಮಿಕ ಪತ್ತೆ ಮಾತ್ರ. ಬೇರೆ ವೀಕ್ಷಣೆಗಳಿಂದ ಖಚಿತವಾಗಿ, ಕಕ್ಷೆ ಗೊತ್ತಾಗಿ, ಆ ಕಾಯಕ್ಕೆ ಸಂಖ್ಯೆ ಸಿಗಲು ವರ್ಷಗಳೇ ಬೇಕು. ಎಷ್ಟೋ ಚುಕ್ಕೆಗಳು ನಡುವೆಯೇ ಬಿದ್ದುಹೋಗುತ್ತವೆ. ಇದನ್ನು ಮಕ್ಕಳಿಗೆ ಮೊದಲೇ ಹೇಳಿದರೆ ಅವರಿಗೆ ಬೇಸರವೇನೂ ಆಗುವುದಿಲ್ಲ. ಬೇಸರವಾಗುವುದು ಸನ್ಮಾನದ ಶಾಲು ತಂದವರಿಗೆ.

ಇಷ್ಟೆಲ್ಲ ಹೇಳಿದ ಮೇಲೂ, ಯಾರ ಆಯ್ಕೆಗೂ ಕಾಯದೆ, ಇಡೀ ತರಗತಿಗೆ ಸಿಗುವ ಅವಕಾಶವೊಂದಿದೆ: ನೆರಳು ಅಳೆದು ಭೂಮಿಯ ಸುತ್ತಳತೆ ಕಂಡುಹಿಡಿಯುವುದು. ನನ್ನ ತರಬೇತಿಗಳಲ್ಲಿ ಹೆಚ್ಚು ಹೊತ್ತು ಹಿಡಿಯುವುದೂ ಅದೇ. ಬೇಕಾದದ್ದು ಒಂದು ಮೀಟರ್ ಕೋಲು, ಬಿಸಿಲು, ದೂರದ ಜಿಲ್ಲೆಯಲ್ಲೊಂದು ಗೆಳೆಯರ ಶಾಲೆ.

ಬೆಂಗಳೂರು ಮತ್ತು ಬೀದರ್ ಹೆಚ್ಚುಕಡಿಮೆ ಒಂದೇ ರೇಖಾಂಶದಲ್ಲಿವೆ, ಸುಮಾರು 77.5 ಡಿಗ್ರಿ. ಎರಡೂ ಕಡೆ ಸೂರ್ಯ ಆ ದಿನದ ಅತಿ ಎತ್ತರಕ್ಕೆ ಏರುವುದು ಒಂದೇ ಹೊತ್ತಿಗೆ. ಏಪ್ರಿಲ್ 24ರ ಸುಮಾರಿಗೆ ಮಧ್ಯಾಹ್ನ 12.18ರ ಹೊತ್ತಿಗೆ ಬೆಂಗಳೂರಿನಲ್ಲಿ ನೆಟ್ಟಗೆ ನಿಂತ ಕೋಲಿಗೆ ನೆರಳೇ ಇರುವುದಿಲ್ಲ. ಅದೇ ಗಳಿಗೆಯಲ್ಲಿ ಬೀದರಿನ ಒಂದು ಮೀಟರ್ ಕೋಲಿಗೆ ಸುಮಾರು 8.6 ಸೆಂಟಿಮೀಟರ್ ನೆರಳು. ಲೆಕ್ಕ ಹಾಕಿದರೆ ಕೋಲಿಗೂ ಬಿಸಿಲಿನ ಕಿರಣಕ್ಕೂ ನಡುವಿನ ಕೋನ ಐದು ಡಿಗ್ರಿಗೆ ತುಸು ಕಡಿಮೆ. ಭೂಮಿಯ ಕೇಂದ್ರದಿಂದ ನೋಡಿದರೆ ಎರಡು ಊರುಗಳ ನಡುವಿನ ಕೋನವೂ ಅಷ್ಟೇ. ಎರಡು ಊರುಗಳ ನಡುವಿನ ನೇರ ಅಂತರ ಸುಮಾರು 550 ಕಿಲೋಮೀಟರ್. ಐದು ಡಿಗ್ರಿಗೆ 550 ಆದರೆ 360 ಡಿಗ್ರಿಗೆ 39,600. ಧ್ರುವಗಳ ಮೂಲಕ ಅಳೆದ ಭೂಮಿಯ ಸುತ್ತಳತೆ ಸುಮಾರು 40,008 ಕಿಲೋಮೀಟರ್. ಗ್ರೀಕ್ ವಿದ್ವಾಂಸ ಎರಟಾಸ್ಥನೀಸ್ ಸುಮಾರು 2,200 ವರ್ಷಗಳ ಹಿಂದೆ ಈಜಿಪ್ಟಿನಲ್ಲಿ ಹಾಕಿದ್ದೂ ಇದೇ ಲೆಕ್ಕ.

ತೊಡಕೆಂದರೆ ಏಪ್ರಿಲ್ 24ಕ್ಕೆ ಶಾಲೆಗೆ ರಜೆ. ಬೆಂಗಳೂರಿಗೆ ಎರಡನೆಯ ಶೂನ್ಯ ನೆರಳಿನ ದಿನ ಬರುವುದು ಆಗಸ್ಟ್ 18ರ ಸುಮಾರಿಗೆ, ಮೋಡದ ಕಾಲ. ಆದರೆ ನೆರಳು ಸೊನ್ನೆಯಾಗಲೇಬೇಕೆಂದು ಹಟವೇಕೆ? ಎರಡೂ ಊರಿನಲ್ಲಿ ನೆರಳು ಒಂದೇ ದಿಕ್ಕಿಗೆ ಬೀಳುವ ಯಾವ ದಿನವಾದರೂ ಎರಡೂ ಕಡೆ ಕೋನ ಅಳೆದು ಒಂದರಿಂದ ಇನ್ನೊಂದನ್ನು ಕಳೆದರಾಯಿತು. ಡಿಸೆಂಬರ್ 21ರಂದು ಬೆಂಗಳೂರಿನ ನೆರಳು ಸುಮಾರು 74 ಸೆಂಟಿಮೀಟರ್, ಬೀದರಿನದು 88. ಕೋನಗಳು 36.4 ಮತ್ತು 41.3 ಡಿಗ್ರಿ. ವ್ಯತ್ಯಾಸ ಮತ್ತೆ ಅದೇ ಐದರ ಹತ್ತಿರ. ಆಕಾಶ ತಿಳಿಯಾಗಿರುತ್ತದೆ, ಮಕ್ಕಳೂ ಶಾಲೆಯಲ್ಲಿರುತ್ತಾರೆ. ಟ್ಯಾಂಜೆಂಟ್ ಗೊತ್ತಿಲ್ಲದ ಎಂಟನೆಯವರು ಹಾಳೆಯ ಮೇಲೆ ತ್ರಿಕೋನ ಬರೆದು ಕೋನಮಾಪಕ ಇಟ್ಟರೂ ಸಾಕು.

ಪ್ರಯೋಗ ಕೆಡುವುದು ಎರಡೇ ಕಡೆ. ಕೋಲು ಒಂದು ಡಿಗ್ರಿ ವಾಲಿದರೂ ಉತ್ತರ ಸಾವಿರಾರು ಕಿಲೋಮೀಟರ್ ಹೆಚ್ಚುಕಡಿಮೆಯಾಗುತ್ತದೆ. ಕಣ್ಣಂದಾಜು ನಂಬಬೇಡಿ, ಗಾರೆ ಮೇಸ್ತ್ರಿಯ ತೂಗುಗುಂಡನ್ನು ಕೋಲಿನ ಎರಡು ಬದಿಗೆ ಹಿಡಿದು ನೋಡಿ. ಎರಡನೆಯದು ನೆರಳಿನ ತುದಿ. ಸೂರ್ಯ ಚುಕ್ಕೆಯಲ್ಲ, ಅರ್ಧ ಡಿಗ್ರಿ ಅಗಲದ ತಟ್ಟೆ. ಹಾಗಾಗಿ ನೆರಳಿನ ತುದಿ ಒಂದು ಸೆಂಟಿಮೀಟರಿನಷ್ಟು ಮಸುಕಾಗಿರುತ್ತದೆ. ಮಸುಕಿನ ನಡುವನ್ನೇ ಗುರುತು ಮಾಡುವುದೆಂದು ಎರಡೂ ಶಾಲೆಗಳು ಮೊದಲೇ ಫೋನಿನಲ್ಲಿ ಮಾತಾಡಿಕೊಳ್ಳಬೇಕು. ಗಡಿಯಾರದ ಹಂಗು ಬೇಡ: ಹನ್ನೆರಡರಿಂದ ಐದೈದು ನಿಮಿಷಕ್ಕೊಂದು ಗುರುತು ಹಾಕುತ್ತ ಹೋದರೆ ಅತಿ ಗಿಡ್ಡ ನೆರಳು ತಾನೇ ಸಿಗುತ್ತದೆ. ಡಿಸೆಂಬರಿನಲ್ಲಿ ಅದು ಬಿದ್ದ ದಿಕ್ಕೇ ನಿಜವಾದ ಉತ್ತರ ದಿಕ್ಕು.

ಶಿಕ್ಷಕರಿಗಾಗಿ ಎರಡು ಮಾತು. ಡೆಹ್ರಾಡೂನಿನ ಭಾರತೀಯ ದೂರಸಂವೇದಿ ಸಂಸ್ಥೆ ಉಚಿತ ಆನ್‌ಲೈನ್ ಕೋರ್ಸುಗಳನ್ನು ನಡೆಸುತ್ತದೆ. ಅಲ್ಲಿ ಕಲಿತದ್ದನ್ನು ಇಸ್ರೋದ ‘ಭುವನ್’ ತಾಣದಲ್ಲಿ ನಿಮ್ಮೂರಿನ ಕೆರೆಯ ಉಪಗ್ರಹ ಚಿತ್ರ ತೆರೆದು ಪ್ರಯೋಗಿಸಬಹುದು. ಭೂಗೋಳದ ಮೇಷ್ಟ್ರನ್ನೂ ಜೊತೆಗೆ ಕರೆದುಕೊಳ್ಳಿ, ಅವರಿಗೇ ಇದು ಹೆಚ್ಚು ಬೇಕಾದದ್ದು.

ಜೋಡಿ ಶಾಲೆ ಹುಡುಕುವಾಗ ಉತ್ತರ-ದಕ್ಷಿಣ ಅಂತರ ದೊಡ್ಡದಿರಲಿ. ಮಂಗಳೂರು-ಕಾರವಾರ ಸಾಲದು, ಎರಡೇ ಡಿಗ್ರಿ; ಅಳತೆಯ ದೋಷವೇ ಉತ್ತರವನ್ನು ನುಂಗುತ್ತದೆ. ಮೈಸೂರಿಗೆ ಕಲಬುರಗಿ ಸರಿಯಾದ ಜೋಡಿ, ಅಂತರ ಐದು ಡಿಗ್ರಿ. ಮಡಿಕೇರಿ ಮತ್ತು ವಿಜಯಪುರವಂತೂ ಒಂದೇ ಗೆರೆಯ ಮೇಲಿವೆ, ನಡುವೆ ಸುಮಾರು 490 ಕಿಲೋಮೀಟರ್. ಆ ಎರಡೂ ಊರುಗಳಲ್ಲಿ ಡಿಸೆಂಬರ್ 21ರಂದು ನೆರಳು ಅತಿ ಗಿಡ್ಡವಾಗುವುದು 12.25ರ ಆಸುಪಾಸಿಗೆ, ಊಟದ ಗಂಟೆಯನ್ನು ಅಂದು ಸ್ವಲ್ಪ ಮುಂದೂಡಲು ಮುಖ್ಯೋಪಾಧ್ಯಾಯರನ್ನು ಮೊದಲೇ ಒಪ್ಪಿಸಿಟ್ಟಿರಿ.