ಕೀಲು ತಯಾರಾಗುವವರೆಗೆ

ಮಂಡ್ಯ ಸೀಮೆಯಲ್ಲಿ ಹದಿನಾಲ್ಕು ಹದಿನೈದರ ಹುಡುಗ ಮೊಣಕಾಲು ನೋವೆಂದರೆ ಮನೆಯವರು ಮೊದಲು ಕೇಳುವುದು, ‘ಕಬಡ್ಡಿಲಿ ಬಿದ್ಯೇನ್ಲಾ?’ ಅವನು ಬಿದ್ದೂ ಇರುತ್ತಾನೆ. ಬೀಳದ ಹುಡುಗರು ಎಲ್ಲಿದ್ದಾರೆ? ಉಳುಕು ಎಂದುಕೊಂಡು ಎಣ್ಣೆ ಹಾಕಿ ನೀವಿಸುತ್ತಾರೆ. ಬಹಳ ಸಲ ಅದು ಉಳುಕೇ. ಆದರೆ ಸುಮ್ಮನೆ ಮಲಗಿದ್ದಾಗಲೂ ನೋಯುತ್ತಿದ್ದರೆ, ನಿದ್ದೆಯಿಂದ ಎಬ್ಬಿಸುತ್ತಿದ್ದರೆ, ವಾರಗಳಾದರೂ ಊತ ಇಳಿಯದೆ ಗಟ್ಟಿಯಾಗುತ್ತಿದ್ದರೆ ನೀವುವುದು ನಿಲ್ಲಬೇಕು, ಎಕ್ಸ್-ರೇ ಆಗಬೇಕು. ಅಪರೂಪಕ್ಕೆ ಅದು ಆಸ್ಟಿಯೋಸಾರ್ಕೋಮ, ಅಂದರೆ ಮೂಳೆಯಲ್ಲೇ ಹುಟ್ಟುವ ಕ್ಯಾನ್ಸರ್.

ಮೊಣಕಾಲೇ ಏಕೆ? ಕಬ್ಬು ಬೆಳೆದವರಿಗೆ ಹೇಳುವುದು ಸುಲಭ. ಜಲ್ಲೆ ಉದ್ದವಾಗುವುದು ಗಿಣ್ಣಿನ ಹತ್ತಿರ; ಮಕ್ಕಳ ಮೂಳೆಯೂ ಹಾಗೇ, ತುದಿಯ ಬಳಿಯ ತೆಳುವಾದ ಪದರದಲ್ಲಿ ಬೆಳೆಯುತ್ತದೆ. ಕಾಲಿನ ಬೆಳವಣಿಗೆಯಲ್ಲಿ ಸುಮಾರು ಮೂರನೇ ಎರಡು ಪಾಲು ನಡೆಯುವುದು ಮೊಣಕಾಲಿನ ಆಚೀಚೆ. ಕೋಶಗಳು ಬಿಡುವಿಲ್ಲದೆ ಒಡೆದು ಹೆಚ್ಚುವ ಕಡೆ ಲೆಕ್ಕ ತಪ್ಪುವ ಸಂಭವವೂ ಹೆಚ್ಚು.

1970ರ ದಶಕದವರೆಗೆ ಇದಕ್ಕೆ ಕಾಲು ಕತ್ತರಿಸುವುದೇ ಚಿಕಿತ್ಸೆ. ಕತ್ತರಿಸಿದರೂ ಹತ್ತರಲ್ಲಿ ಎಂಟು ಮಂದಿ ಬದುಕುತ್ತಿರಲಿಲ್ಲ, ಏಕೆಂದರೆ ಅಷ್ಟರಲ್ಲಿ ಕಣ್ಣಿಗೆ ಕಾಣದಷ್ಟು ಕೋಶಗಳು ಶ್ವಾಸಕೋಶ ಸೇರಿರುತ್ತಿದ್ದವು. ಕೆನಡಾದ ಹುಡುಗ ಟೆರ್ರಿ ಫಾಕ್ಸ್ ಇದೇ ರೋಗದಿಂದ 1977ರಲ್ಲಿ, 18ರ ವಯಸ್ಸಿಗೆ ಬಲಗಾಲು ಕಳೆದುಕೊಂಡ. 1980ರಲ್ಲಿ ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸಲು ಕೃತಕ ಕಾಲಿನಲ್ಲಿ 143 ದಿನ ಓಡಿದ. ಅವನನ್ನು ನಿಲ್ಲಿಸಿದ್ದು ಕಾಲಲ್ಲ, ಶ್ವಾಸಕೋಶಕ್ಕೆ ಹಬ್ಬಿದ ರೋಗ.

ಕಾಲು ಉಳಿಸುವ ದಾರಿ ತೆರೆದ ಬಗೆ ನನಗೆ ಬಹಳ ಇಷ್ಟ. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯಲ್ಲಿ, ಕತ್ತರಿಸುವ ಬದಲು ರೋಗದ ಮೂಳೆ ತೆಗೆದು ಲೋಹದ ಕೀಲು ಕೂರಿಸೋಣ ಎಂದು ಹೊರಟರು. ಆ ಕೀಲನ್ನು ಒಬ್ಬೊಬ್ಬರ ಅಳತೆಗೆ ಮಾಡಿಸಬೇಕಿತ್ತು, ತಿಂಗಳುಗಳೇ ಹಿಡಿಯುತ್ತಿತ್ತು. ಅಲ್ಲಿಯವರೆಗೆ ಕೈಕಟ್ಟಿ ಕೂರುವುದೇಕೆ ಎಂದು ಕೀಮೋಥೆರಪಿ ಕೊಟ್ಟರು. ಆಮೇಲೆ ತೆಗೆದ ಗಡ್ಡೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಔಷಧಿ ಎಷ್ಟು ಕೋಶಗಳನ್ನು ಕೊಂದಿದೆ ಎಂಬ ಲೆಕ್ಕವೂ ಸಿಕ್ಕಿತು! ಶೇ. 90ಕ್ಕಿಂತ ಹೆಚ್ಚು ಸತ್ತಿದ್ದರೆ ಒಳ್ಳೆಯ ಸೂಚನೆ. ಇಂದಿಗೂ ಕ್ರಮ ಅದೇ: ಮೊದಲು ಕೀಮೋ, ನಂತರ ಶಸ್ತ್ರಚಿಕಿತ್ಸೆ, ಮತ್ತೆ ಕೀಮೋ. ರೋಗ ಬೇರೆಡೆ ಹಬ್ಬಿರದಿದ್ದರೆ ಈಗ ಹತ್ತರಲ್ಲಿ ಆರೇಳು ಮಂದಿ ಉಳಿಯುತ್ತಾರೆ. ನಡುವೆ ಊತ ಇಳಿಯಿತೆಂದು, ಬಸ್ಸು ಹತ್ತಿ ಹತ್ತಿ ಸಾಕಾಯಿತೆಂದು ಕೀಮೋ ಬಿಡುವವರನ್ನು ಬೈಯಲು ನನಗೆ ಮನಸ್ಸಾಗದು, ಆದರೆ ನಷ್ಟ ದೊಡ್ಡದು.

ಶಸ್ತ್ರಚಿಕಿತ್ಸೆಯಲ್ಲಿ ಗಡ್ಡೆ ವೈದ್ಯರ ಕಣ್ಣಿಗೇ ಬೀಳಬಾರದು. ಸುತ್ತಲೂ ಆರೋಗ್ಯವಂತ ಮಾಂಸದ ಹೊದಿಕೆ ಉಳಿಸಿಕೊಂಡು ಇಡಿಯಾಗಿ ಹೊರತೆಗೆಯಬೇಕು. ಬಯಾಪ್ಸಿಯ, ಅಂದರೆ ಪರೀಕ್ಷೆಗೆಂದು ಗಡ್ಡೆಯ ಚೂರು ತೆಗೆಯುವಾಗಿನ, ಸೂಜಿ ಹೋದ ದಾರಿಯೂ ಅದರ ಜೊತೆಗೇ ಹೋಗಬೇಕು. ಅದಕ್ಕೇ ಮುಂದೆ ಆಪರೇಷನ್ ಮಾಡುವ ತಂಡವೇ ಬಯಾಪ್ಸಿಯ ಜಾಗ ಗುರುತಿಸುವುದು ಲೇಸು. ಸಿಕ್ಕಲ್ಲಿ ಚುಚ್ಚಿಸಿ, ಕೊಯ್ಸಿಕೊಂಡು ಬಂದರೆ ಉಳಿಯಬಹುದಾದ ಕಾಲೂ ಹೋದೀತು. ಖಾಲಿಯಾದ ಜಾಗಕ್ಕೆ ಲೋಹದ ಮೂಳೆ, ಬಾಗಿಲ ತಿರುಗಣಿಯಂತೆ ಮಡಚುವ ಕೀಲು. ಮೊಣಕಾಲಿನ ಕೆಳಗಿನ ಮೂಳೆಯಾದರೆ ಕೆಲಸ ಇನ್ನೂ ನಾಜೂಕು: ಅಲ್ಲಿ ಚರ್ಮದಡಿ ಮಾಂಸವೇ ಕಡಿಮೆ, ಹಾಗಾಗಿ ಮೀನಖಂಡದ ಸ್ನಾಯುವನ್ನು ಮುಂದಕ್ಕೆ ತಿರುಗಿಸಿ ಲೋಹಕ್ಕೆ ಹೊದಿಸುತ್ತಾರೆ. ಕೆಲವು ಕಡೆ ತೆಗೆದ ಮೂಳೆಯನ್ನೇ ಕೆರೆದು, ವಿಕಿರಣ ಹಾಯಿಸಿ, ಕ್ಯಾನ್ಸರ್ ಕೋಶಗಳನ್ನು ಕೊಂದು ಮರಳಿ ಕೂರಿಸುವುದೂ ಉಂಟು. ಬೆಳೆಯುವ ಮಕ್ಕಳಿಗೆ ಹೊರಗಿನಿಂದ ಅಯಸ್ಕಾಂತದ ಬಲದಲ್ಲಿ ಚೂರುಚೂರೇ ಉದ್ದ ಮಾಡುವ ಕೀಲೂ ಇದೆ. ಬೆಲೆ ಮಾತ್ರ ಕೈಗೆಟುಕುವಂಥದ್ದಲ್ಲ.

ಲೋಹ ಸಡಿಲವಾಗಬಹುದು, ಸೋಂಕು ತಗಲಬಹುದು, ಮತ್ತೆ ಆಪರೇಷನ್ ಬೇಕಾಗಬಹುದು. ನಡೆಯಬಹುದು, ಮೆಟ್ಟಿಲು ಹತ್ತಬಹುದು. ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂರುವುದು ಕಷ್ಟ, ಕುಕ್ಕರಗಾಲಲ್ಲಿ ಕೂರುವುದು ಇಲ್ಲವೇ ಇಲ್ಲ. ಹುಡುಗ ಆಸ್ಪತ್ರೆಯಿಂದ ಊರಿಗೆ ಬರುವಷ್ಟರಲ್ಲಿ ಮನೆಯಲ್ಲಿ ಒಂದು ಕಮೋಡ್ ಹಾಕಿಸಿರಬೇಕು.