ಕೋಳಿಗೆ ಹಾಕಿದ ಕಾಳು ರಾತ್ರಿ ಯಾರ ಪಾಲು?

ಕೆಂಗೇರಿ ಕಡೆ ನಮ್ಮ ಮನೆಯ ಹಿತ್ತಲಲ್ಲಿ ಆರು ನಾಟಿಕೋಳಿ ಇವೆ. ಪಕ್ಕದಲ್ಲಿ ಖಾಲಿ ಸೈಟು, ಅದರಾಚೆ ಮೋರಿ. ಹೋದ ವರ್ಷ ಗೂಡಿನ ಮೂಲೆಯಲ್ಲಿ ಮುಷ್ಟಿ ತೂರುವಷ್ಟು ದೊಡ್ಡ ಬಿಲ ಕಂಡಾಗ, ಅಂಗಡಿಗೆ ಹೋಗಿ ಇಲಿಪಾಷಾಣ ತರೋಣ ಅಂತ ಹೊರಟಿದ್ದೆ. ಅಮ್ಮ ತಡೆದರು. "ಏನು ಬರ್ತಿದೆ ಅಂತ ಮೊದಲು ನೋಡೋಣ ಇರು" ಅಂದು, ಸಂಜೆ ಗೋಡೆಯ ಬುಡದುದ್ದಕ್ಕೂ ರಂಗೋಲಿ ಪುಡಿಯನ್ನು ತೆಳ್ಳಗೆ ಉದುರಿಸಿದರು. ಬೆಳಿಗ್ಗೆ ಪುಡಿಯ ಮೇಲೆ ಪುಟ್ಟ ಹೆಜ್ಜೆಗಳು, ನಡುವೆ ಬಾಲ ಎಳೆದ ಗೆರೆ. ಒಂದು ಹೆಜ್ಜೆಯೂ ಗೋಡೆ ಬಿಟ್ಟು ಆಚೆ ಹೋಗಿರಲಿಲ್ಲ. ಇಲಿಯ ಕಣ್ಣು ಅಷ್ಟು ಚುರುಕಲ್ಲ. ಮೀಸೆಯನ್ನು ಗೋಡೆಗೆ ತಾಗಿಸಿಕೊಂಡು ದಿನವೂ ಅದೇ ದಾರಿಯಲ್ಲಿ ಓಡಾಡುತ್ತದೆ.

ನಮ್ಮೂರಿನ ಹಿತ್ತಲಿಗೆ ಬರುವವು ಮುಖ್ಯವಾಗಿ ಮೂರು. ನೆಲ ತೋಡುವ ಹೆಗ್ಗಣ, ಪೈಪು ಮರ ಎಲ್ಲ ಹತ್ತುವ ಮನೆ ಇಲಿ, ಜೀರಿಗೆ ಕಾಳಿನಷ್ಟು ಹಿಕ್ಕೆ ಹಾಕುವ ಸಣ್ಣ ಇಲಿ. ಬಿಲದ ಬಾಯಲ್ಲಿ ಹೊಸ ಮಣ್ಣಿನ ಗುಡ್ಡೆ ಇದ್ದರೆ ಅದು ಹೆಗ್ಗಣದ್ದೇ ಅನ್ನಬಹುದು.

ಇವು ಬರುವುದು ಕೋಳಿಗಾಗಿ ಅಲ್ಲ, ಕಾಳಿಗಾಗಿ. ಮರಿ, ಮೊಟ್ಟೆ ಸಿಕ್ಕರೆ ಅದನ್ನೂ ಬಿಡುವುದಿಲ್ಲ, ಆದರೆ ದಿನವೂ ಕರೆತರುವುದು ಕಾಳೇ. ಕೋಳಿಯ ಕಣ್ಣಿನಲ್ಲಿ ಹಗಲು ಬೆಳಕಿಗೆ ಒಗ್ಗಿದ ಕೋಶಗಳೇ ಜಾಸ್ತಿ. ಕತ್ತಲಾದರೆ ಅದಕ್ಕೆ ಸರಿಯಾಗಿ ಕಾಣುವುದಿಲ್ಲ, ತಿನ್ನುವುದೂ ಇಲ್ಲ, ಸುಮ್ನೆ ಕೂತಿರುತ್ತದೆ. ಅಂದ ಮೇಲೆ ರಾತ್ರಿ ಗೂಡಿನಲ್ಲಿ ಉಳಿದ ಕಾಳು ಪೂರ್ತಿ ಇಲಿಯ ಪಾಲು. ಮೊಟ್ಟೆ ಇಡುವ ಕೋಳಿಗೆ ದಿನಕ್ಕೆ ಸುಮಾರು 100 ಗ್ರಾಂ ಫೀಡ್ ಬೇಕು, ಬೆಳೆದ ಒಂದು ಇಲಿ 20ರಿಂದ 30 ಗ್ರಾಂ ತಿನ್ನುತ್ತದೆ. ನಾಲ್ಕು ಇಲಿ ಸಾಕಿದರೆ ಇನ್ನೊಂದು ಕೋಳಿ ಸಾಕಿದ ಹಾಗೆಯೇ ಆಯ್ತು, ಅಲ್ವಾ?

ಬರೀ ಕೊಲ್ಲುತ್ತಾ ಹೋದರೆ ಏನಾಗುತ್ತದೆ ಅನ್ನುವುದನ್ನು 1940ರ ದಶಕದಲ್ಲೇ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಸಂಶೋಧಕ ಡೇವಿಡ್ ಡೇವಿಸ್ ಮತ್ತು ಜೊತೆಗಾರರು ಬೀದಿ ಬೀದಿಯ ಇಲಿ ಲೆಕ್ಕ ಹಾಕಿ ನೋಡಿದ್ದರು. ಹಿಡಿದು ತೆಗೆದ ಮೇಲೂ ಸಂಖ್ಯೆ ಮತ್ತೆ ಮೊದಲಿನ ಮಟ್ಟಕ್ಕೆ ಏರುತ್ತಿತ್ತು. ಕಸ, ಅಡಗುವ ಜಾಗ ತೆಗೆದ ಕಡೆ ಮಾತ್ರ ಇಳಿದು, ಇಳಿದ ಹಾಗೆ ಉಳಿಯಿತು. ಆಶ್ಚರ್ಯವೇನಿಲ್ಲ, ಇಲಿಯ ಗರ್ಭ ಸುಮಾರು ಮೂರೇ ವಾರ, ಹುಟ್ಟಿದ ಮರಿ ಎರಡು ಮೂರು ತಿಂಗಳಲ್ಲಿ ತಾನೂ ಮರಿ ಹಾಕುತ್ತದೆ. ಹೊಟ್ಟೆಗೆ ಎಷ್ಟಿದೆಯೋ ಅಷ್ಟು ಇಲಿ.

ಹಾಗಾಗಿ ನಾವು ಮೊದಲು ಮಾಡಿದ ಕೆಲಸ ಇಷ್ಟೇ. ಸಂಜೆ ಕೋಳಿ ಗೂಡು ಸೇರುವ ಹೊತ್ತಿಗೆ ಫೀಡ್ ತಟ್ಟೆ, ನೀರಿನ ಬಟ್ಟಲು ಎರಡನ್ನೂ ಎತ್ತಿಡುವುದು, ಚೆಲ್ಲಿದ ನುಚ್ಚು ಗುಡಿಸುವುದು, ಫೀಡ್ ಚೀಲವನ್ನು ಬಿಗಿ ಮುಚ್ಚಳದ ತಗಡಿನ ಡ್ರಮ್ಮಿಗೆ ಸುರಿಯುವುದು. ಪ್ಲಾಸ್ಟಿಕ್ ಡಬ್ಬ ಸಾಲದು. ಇಲಿಯ ಮುಂದಿನ ಬಾಚಿಹಲ್ಲು ಬದುಕಿರುವವರೆಗೂ ಬೆಳೆಯುತ್ತಲೇ ಇರುತ್ತದೆ, ಕಡಿದು ಸವೆಸದಿದ್ದರೆ ಅದಕ್ಕೇ ತೊಂದರೆ.

ಆಮೇಲೆ ಮೆಶ್. ಆರು ಮೂಲೆಯ ಕಣ್ಣಿನ ಕೋಳಿ ಜಾಲರಿ ಕೋಳಿಯನ್ನು ಒಳಗಿಡುತ್ತದೆ, ಇಲಿಯನ್ನು ಹೊರಗಿಡುವುದಿಲ್ಲ. ಸಣ್ಣ ಇಲಿಗೆ ಪೆನ್ಸಿಲ್ ತೂರುವಷ್ಟು ಸಂದು ಸಾಕು. ಕಾಲು ಇಂಚಿನ ವೆಲ್ಡ್ ಮೆಶ್ಶೇ ಬೇಕು, ದುಡ್ಡು ಜಾಸ್ತಿ ಆದರೂ ಪರವಾಗಿಲ್ಲ. ಅದನ್ನು ಗೂಡಿನ ಬುಡದಲ್ಲಿ ಒಂದಡಿ ಹೊರಕ್ಕೆ ಮಡಚಿ ಮಣ್ಣು ಮುಚ್ಚಿದ್ದೇವೆ. ಹೆಗ್ಗಣ ಗೋಡೆಯ ಬುಡದಲ್ಲೇ ತೋಡಲು ಶುರುಮಾಡುತ್ತದೆ, ಅಲ್ಲಿ ಕಂಬಿ ತಗಲುತ್ತದೆ, ಒಂದಡಿ ಹಿಂದೆ ಸರಿದು ತೋಡಬೇಕು ಅನ್ನುವುದು ಅದಕ್ಕೆ ಸಾಮಾನ್ಯವಾಗಿ ಹೊಳೆಯುವುದಿಲ್ಲ.

ವಿಷ ಬೇಡ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಅಂಗಡಿಯಲ್ಲಿ ಸಿಗುವ ಜಿಂಕ್ ಫಾಸ್ಫೈಡ್ ಹೊಟ್ಟೆಯ ಆಮ್ಲಕ್ಕೆ ಸೇರಿದರೆ ಫಾಸ್ಫೀನ್ ಅನಿಲ ಬರುತ್ತದೆ, ಅದೇ ಕೊಲ್ಲುವುದು. ಸ್ವಲ್ಪ ತಿಂದು ಹೊಟ್ಟೆ ಕೆಟ್ಟು ಬದುಕುಳಿದ ಇಲಿ ಆ ತಿಂಡಿಯನ್ನು ಮತ್ತೆ ಮುಟ್ಟುವುದಿಲ್ಲ. ಬ್ರೋಮಡಿಯೊಲೋನ್ ಬೇರೆ ಥರ, ವಿಟಮಿನ್ ಕೆ ಕೆಲಸ ತಡೆದು ರಕ್ತ ಹೆಪ್ಪುಗಟ್ಟದ ಹಾಗೆ ಮಾಡುತ್ತದೆ. ಸಾಯಲು ಕೆಲವು ದಿನ ಬೇಕು, ಅಷ್ಟರಲ್ಲಿ ತೂಕಡಿಸುತ್ತಾ ಓಡಾಡುವ ಆ ಇಲಿ ಗೂಬೆಗೋ ಬೆಕ್ಕಿಗೋ ಸಿಗುತ್ತದೆ, ವಿಷವೂ ಜೊತೆಗೆ ಹೋಗುತ್ತದೆ. ಇನ್ನೊಂದು ವಿಷಯ ಬಹಳ ಜನ ಗಮನಿಸಿರುವುದಿಲ್ಲ: ಕೋಳಿಯೇ ಸಣ್ಣ ಇಲಿಯನ್ನು ಕುಕ್ಕಿ ನುಂಗುತ್ತದೆ.

ಬೋನು ಇಡುವುದಾದರೆ ಆತುರ ಬೇಡ. ದೊಡ್ಡ ಇಲಿಗೆ ಹೊಸ ವಸ್ತು ಕಂಡರೆ ಅನುಮಾನ, ನಾಲ್ಕೈದು ದಿನ ಹತ್ತಿರ ಸುಳಿಯುವುದಿಲ್ಲ. ಬಾಗಿಲು ಬೀಳದ ಹಾಗೆ ಕಟ್ಟಿ, ಒಳಗೆ ಕೊಬ್ಬರಿ ಚೂರೋ ಬೋಂಡಾ ತುಂಡೋ ಇಟ್ಟು, ಗೋಡೆಯ ಪಕ್ಕ ಬಿಟ್ಟುಬಿಡಿ. ತಿಂದು ರೂಢಿಯಾದ ಮೇಲೆ ಕಟ್ಟು ಬಿಚ್ಚಿ.

ಈ ಊರಿಗೆ ಇಲಿಯ ಭಯ ಹೊಸದಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಇಲಿಯ ಮೈಮೇಲಿನ ಚಿಗಟವೇ ಅದನ್ನು ಹರಡುತ್ತದೆ ಅಂತ ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮೊಂಡ್ ಕರಾಚಿಯಲ್ಲಿ ಕಂಡುಕೊಂಡಿದ್ದೂ ಅದೇ ವರ್ಷ. ಈಗಿನ ಚಿಂತೆ ಇಲಿ ಜ್ವರ. ಇಲಿಯ ಮೂತ್ರ ಬೆರೆತ ನೀರು, ಕೆಸರು ಕೈಕಾಲಿನ ಗಾಯಕ್ಕೆ ತಗುಲಿದರೆ ಸಾಕು. ಗೂಡು ತೊಳೆಯುವಾಗ ನಾನು ಗ್ಲೌಸ್, ಗಂಬೂಟು ಇಲ್ಲದೆ ಇಳಿಯುವುದಿಲ್ಲ. ಒಣ ಹಿಕ್ಕೆಯನ್ನು ಗುಡಿಸುವ ಮುಂಚೆ ಬ್ಲೀಚಿಂಗ್ ಪುಡಿಯ ನೀರು ಚಿಮುಕಿಸಿ ನೆನೆಸುತ್ತೇನೆ.

ಹಳೆ ಬಿಲಕ್ಕೆ ಸಂಜೆ ಒಣ ಎಲೆ ತುರುಕಿಡುತ್ತೇವೆ. ಬೆಳಿಗ್ಗೆ ಎಲೆ ಹಾಗೇ ಇದ್ದರೆ ಬಿಲ ಖಾಲಿ. ಆದರೆ ಜೋರು ಮಳೆ ಬಂದು ಮೋರಿ ಉಕ್ಕಿದಾಗ ಅಲ್ಲಿನ ಬಿಲಗಳಿಗೆ ನೀರು ನುಗ್ಗಿ, ಅವು ಒಣ ಜಾಗ ಹುಡುಕಿಕೊಂಡು ಈ ಕಡೆ ಬರುತ್ತವೆ. ಆ ವಾರ ಅಮ್ಮ ಮತ್ತೆ ರಂಗೋಲಿ ಡಬ್ಬ ತೆಗೆಯುತ್ತಾರೆ.