ಅಜ್ಜಿ ಮನೆಯಲ್ಲಿ ಮೆಟ್ಟಿಲೇ ಇಲ್ಲ

ಲಕ್ವ ಹೊಡೆದವರ ಮನೆಗೆ ಹೊರಡುವ ನನ್ನ ವಿದ್ಯಾರ್ಥಿಗಳ ಕೈಯಲ್ಲಿ ಒಂದು ಫಾರಂ ಇರುತ್ತದೆ. ಬಾರ್ಥೆಲ್ ಇಂಡೆಕ್ಸ್ ಅಂತ ಅದರ ಹೆಸರು, 1965ರಲ್ಲಿ ಅಮೆರಿಕದಲ್ಲಿ ಪ್ರಕಟವಾದದ್ದು. ಹತ್ತು ಕೆಲಸ, ಒಟ್ಟು 100 ಅಂಕ. ತಾವೇ ಊಟ ಮಾಡುತ್ತಾರಾ? ಬಟ್ಟೆ ಹಾಕಿಕೊಳ್ಳುತ್ತಾರಾ? ಸ್ನಾನಕ್ಕೆ 5 ಅಂಕ, ಮೆಟ್ಟಿಲು ಹತ್ತಿದರೆ 10.

ತುಮಕೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ಒಬ್ಬ ಹುಡುಗಿ ಆ ಫಾರಂ ಹಿಡಿದು ಕೂತಿದ್ದಳು. "ಸಾರ್, ಇಲ್ಲಿ ಮೆಟ್ಟಿಲೇ ಇಲ್ಲ, ಏನು ಬರೀಲಿ?" ಅಂದಳು.

ಮೆಟ್ಟಿಲು ಇರಲಿಲ್ಲ, ನಿಜ. ಎತ್ತರದ ಹೊಸ್ತಿಲು ಇತ್ತು. ಅದರಾಚೆ ಮೊಳ ಎತ್ತರದ ಜಗಲಿ. ಶೌಚಾಲಯ ಹಿತ್ತಲಲ್ಲಿ, ಅಲ್ಲಿಗೆ ಹೋಗಲು ಕೊಟ್ಟಿಗೆ ದಾಟಬೇಕು, ಗಂಜಲ ಹರಿದು ನೆಲ ಜಾರುತ್ತದೆ. ಅಜ್ಜಿಯ ಎಡಗೈ, ಎಡಗಾಲು ಸ್ವಾಧೀನದಲ್ಲಿಲ್ಲ. "ಸೊಸೆ ಹಿಡ್ಕೊಂಡು ಹೋಗ್ತಾಳೆ ಕಣಪ್ಪ" ಅಂದರು. ಆ ಸೊಸೆ ಮೊದಲು ಅಡಿಕೆ ಸುಲಿಯೋ ಕೂಲಿಗೆ ಹೋಗುತ್ತಿದ್ದಳು. ಈಗ ಮನೆಯಲ್ಲೇ ಇದ್ದಾಳೆ. ಇದನ್ನು ಬರೆಯಲು ಫಾರಂನಲ್ಲಿ ಜಾಗ ಇಲ್ಲ.

ಆರೋಗ್ಯ ಸೇವೆಯನ್ನೂ ಸಾಮಾಜಿಕ ಆರೈಕೆಯನ್ನೂ ಜೋಡಿಸುವುದು ಹೇಗೆ ಅನ್ನುವುದು ನಾನು ಪಾಠ ಮಾಡುವ ವಿಷಯ. ಹೆಸರು ದೊಡ್ಡದು. ಅಜ್ಜಿ ಮನೆಯಲ್ಲಿ ನೋಡಿದರೆ ವಿಷಯ ಇಷ್ಟೇ: ಬಿಪಿ ಮಾತ್ರೆ ಆರೋಗ್ಯ ಇಲಾಖೆಯದ್ದು. ಅಂಗವಿಕಲರ ಗುರುತಿನ ಚೀಟಿ ಇನ್ನೊಂದು ಇಲಾಖೆಯದ್ದು, ಆದರೆ ಅಂಗವೈಕಲ್ಯ ಎಷ್ಟು ಅಂತ ಅದಕ್ಕೆ ಬೇಕಾದ ಪರ್ಸೆಂಟೇಜು ಬರೆಯುವವರು ಆಸ್ಪತ್ರೆಯ ಡಾಕ್ಟರು. 65 ದಾಟಿದವರ ಸಂಧ್ಯಾ ಸುರಕ್ಷಾ ಪಿಂಚಣಿಗೆ ನಾಡಕಚೇರಿಗೆ ಹೋಗಬೇಕು, ಅದು ಕಂದಾಯ ಇಲಾಖೆ. ಆಶಾ ಕಾರ್ಯಕರ್ತೆಯೂ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರೂ ಓಡಾಡುವುದು ಅದೇ ಬೀದಿಯಲ್ಲಿ. ಅವರ ಪುಸ್ತಕ ಇವರು ನೋಡಿಲ್ಲ, ಇವರ ಪುಸ್ತಕ ಅವರು ನೋಡಿಲ್ಲ. ಈ ಎಲ್ಲ ಕಾಗದ ಹಿಡಿದು ಅಲೆಯುವುದು ಮತ್ತೆ ಅದೇ ಸೊಸೆ.

ವಿದ್ಯಾರ್ಥಿಗಳು ಈ ವಿಷಯದಲ್ಲಿ ಓದುವ ಲೇಖನಗಳಲ್ಲಿ ಇಂಗ್ಲೆಂಡಿನವೇ ಜಾಸ್ತಿ. ಅಲ್ಲಿ 1948ರಿಂದಲೂ ಆಸ್ಪತ್ರೆ ಸೇವೆ ಉಚಿತ. ಮನೆಗೆ ಬಂದು ಸ್ನಾನ ಮಾಡಿಸುವ, ಊಟ ಕೊಡುವ ಆರೈಕೆ ಮಾತ್ರ ಸ್ಥಳೀಯ ಕೌನ್ಸಿಲ್ ಕೈಯಲ್ಲಿ, ಅದೂ ಆಸ್ತಿ, ಆದಾಯ ನೋಡಿ. ಎರಡನ್ನೂ ಹತ್ತಿರ ತರಲು 2022ರ ಕಾನೂನಿನಲ್ಲಿ ಇಡೀ ಇಂಗ್ಲೆಂಡನ್ನು 42 ವ್ಯವಸ್ಥೆಗಳಾಗಿ ಹಂಚಿದರು. ಉತ್ತರ ಐರ್ಲೆಂಡಿನಲ್ಲಂತೂ 1973ರಲ್ಲೇ ಎರಡನ್ನೂ ಒಂದೇ ಆಡಳಿತಕ್ಕೆ ತಂದಿದ್ದರು. ಹಾಗಿದ್ದೂ ಮನೆಯಲ್ಲಿ ನೋಡಿಕೊಳ್ಳುವವರ ಏರ್ಪಾಡಾಗದೆ ಆಸ್ಪತ್ರೆ ಬೆಡ್‌ನಲ್ಲೇ ಉಳಿದುಬಿಡುವವರು ಅಲ್ಲಿ ಇವತ್ತಿಗೂ ಇದ್ದಾರೆ. ಆಡಳಿತ ಒಂದಾದ ಮಾತ್ರಕ್ಕೆ ಕೆಲಸದವರು ಹುಟ್ಟಿಕೊಳ್ಳುವುದಿಲ್ಲ ಅಲ್ವಾ?

ಅವರ ತಕರಾರು ಎರಡು ಕಚೇರಿಗಳ ನಡುವಿನದು. ನಮ್ಮ ಹಳ್ಳಿಯಲ್ಲಿ ಸ್ನಾನ ಮಾಡಿಸುವ ಕಚೇರಿಯೇ ಇಲ್ಲ, ಸೊಸೆ ಇದ್ದಾಳೆ. ಸಂಬಳ ಇಲ್ಲ, ರಜೆ ಇಲ್ಲ. ಹಾಗಾಗಿ ಅಲ್ಲಿನ ಮಾದರಿಯನ್ನು ಸುಮ್ನೆ ಎತ್ತಿ ತಂದು ಪಾಠ ಮಾಡುವುದು ನನಗೆ ಒಪ್ಪಿಗೆಯಿಲ್ಲ.

ನಮ್ಮ ಜಿಲ್ಲೆಯಲ್ಲೇ ಒಳ್ಳೆ ಉದಾಹರಣೆ ಇದೆ. ತುರುವೇಕೆರೆ ತಾಲೂಕಿನಲ್ಲಿ ಬೆಂಗಳೂರಿನ ನಿಮ್ಹಾನ್ಸ್ ತಂಡ ಸ್ಕಿಜೋಫ್ರೇನಿಯಾ ಅನ್ನುವ ಮಾನಸಿಕ ಕಾಯಿಲೆ ಇರುವವರನ್ನು ಊರೂರಲ್ಲಿ ಹುಡುಕಿ, ವರ್ಷಗಟ್ಟಲೆ ಚಿಕಿತ್ಸೆ ಕೊಟ್ಟು ಅಧ್ಯಯನ ಮಾಡಿತು. ರೋಗ ಎಷ್ಟು ಇಳಿಯಿತು ಅಂತ ಮಾತ್ರ ನೋಡಿ ಬಿಡಲಿಲ್ಲ. ಐಡಿಯಾಸ್ ಅನ್ನುವ ಅಳತೆ ಬಳಸಿತು. ತನ್ನ ಕೆಲಸ ತಾನು ಮಾಡಿಕೊಳ್ಳುತ್ತಾರಾ, ಜನರ ಜೊತೆ ಬೆರೆಯುತ್ತಾರಾ, ಹೇಳಿದ್ದು ತಿಳಿಯುತ್ತದಾ, ದುಡಿಯುತ್ತಾರಾ ಅಂತ ನಾಲ್ಕು ಭಾಗ ಅದರಲ್ಲಿ. ಮಾನಸಿಕ ಕಾಯಿಲೆಯವರಿಗೆ ಅಂಗವೈಕಲ್ಯದ ಸರ್ಟಿಫಿಕೇಟ್ ಕೊಡುವಾಗ ನಮ್ಮ ಸರ್ಕಾರ ಬಳಸುವುದೂ ಇದೇ ಅಳತೆ. ಸಂಶೋಧನೆಗೆ ಬರೆದುಕೊಂಡ ಅಂಕವೇ ಪಿಂಚಣಿ ಅರ್ಜಿಗೂ ಅರ್ಥವಾಗುವ ಅಂಕ. ಲಕ್ವ ಹೊಡೆದವರ ಬಗ್ಗೆ ನಾವು ಮಾಡಿಸುವ ಪ್ರಬಂಧಗಳಲ್ಲಿ ಈ ಗುಣ ಕಡಿಮೆ. ಬಾರ್ಥೆಲ್ ಅಂಕ 45 ಅಂತ ನಾಡಕಚೇರಿಯಲ್ಲಿ ಹೇಳಿ ನೋಡಿ, ಏನಾಗುತ್ತದೆ ಗೊತ್ತಾಗುತ್ತದೆ.

ವೈದ್ಯಕೀಯ ಕಾಲೇಜುಗಳಲ್ಲಿ ಈಗ ಪ್ರತಿ ವಿದ್ಯಾರ್ಥಿ ಕೆಲವು ಕುಟುಂಬಗಳನ್ನು ದತ್ತು ತೆಗೆದುಕೊಂಡು ಅವರ ಆರೋಗ್ಯ ನೋಡುತ್ತಿರಬೇಕು. ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ತಂದ ಕ್ರಮ. ಒಳ್ಳೆಯದೇ. ಆದರೆ ಬಿಪಿ ನೋಡಿ, ಶುಗರ್ ನೋಡಿ, ಫೋಟೊ ತೆಗೆಸಿಕೊಂಡು ಬಸ್ ಹತ್ತುವುದೂ ಇದೆ. ನಾನು ಒಂದು ಕೆಲಸ ಸೇರಿಸಿದ್ದೇನೆ. ಮನೆಯವರ ಜೊತೆ ಒಂದು ದಿನ ಕಚೇರಿಗೆ ಹೋಗಿ ಬರಬೇಕು. ಡಾಕ್ಟರ್ ಅಂತ ಹೇಳಿಕೊಳ್ಳುವ ಹಾಗಿಲ್ಲ, ಸಾಲಿನಲ್ಲಿ ನಿಲ್ಲಬೇಕು. ಮೊದಲ ಸಲ ಹೋಗಿ ಬಂದ ಹುಡುಗರ ಮುಖ ನೋಡಬೇಕಿತ್ತು! ಒಂದು ಜೆರಾಕ್ಸ್ ಕಮ್ಮಿ ಅಂತ ಅರ್ಧ ದಿನ ಹೋಗಿತ್ತು.

ಆ ಹುಡುಗಿ ಮೆಟ್ಟಿಲಿನ ಸಾಲಿಗೆ ಸೊನ್ನೆ ಹಾಕಿದಳು. ಮುಂದಿನ ವಾರ ಹೊಸ್ತಿಲಿನ ಎತ್ತರ ಟೇಪಿನಲ್ಲಿ ಅಳೆದು ತಂದಳು. ಅಜ್ಜಿಯ ಮಗ ಗಾರೆ ಕೆಲಸದವನು. ಅರ್ಧ ಮೂಟೆ ಸಿಮೆಂಟಿನಲ್ಲಿ ಜಗಲಿಗೆ ಇಳಿಜಾರು ಮಾಡಿ, ಕೊಟ್ಟಿಗೆ ಗೋಡೆಗೆ ಉದ್ದಕ್ಕೂ ಒಂದು ಪೈಪು ಹಿಡಿಸಿದ. ಅಜ್ಜಿ ಈಗ ಅದನ್ನು ಹಿಡಿದು ತಾವೇ ಹಿತ್ತಲಿಗೆ ಹೋಗುತ್ತಾರೆ. ಸೊಸೆ ವಾರಕ್ಕೆ ಮೂರು ದಿನ ಅಡಿಕೆ ಸುಲಿಯಲು ಹೋಗುತ್ತಿದ್ದಾಳೆ. ಮೆಟ್ಟಿಲಿನ ಅಂಕ ಈಗಲೂ ಸೊನ್ನೆಯೇ.